ನಾಯಿಯನ್ನು ಮುದ್ದು ಮಾಡುವ ಮನೆಯವರಿಗೆ ಒಂದು ಬಹಿರಂಗ ಪತ್ರ



ನಾನೊಬ್ಬ ಪಶುವೈದ್ಯೆ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ದನಕರು, ಕುರಿ ನೋಡುತ್ತ ಕೆಲಸ ಕಲಿತವಳು. ಈಗ ಪಟ್ಟಣದ ಕ್ಲಿನಿಕ್ಕಿನಲ್ಲಿ ನನ್ನ ಮೇಜಿನ ಮೇಲೆ ಬರುವುದು ಹೆಚ್ಚಾಗಿ ನಾಯಿಗಳೇ. ಅವುಗಳ ಜೊತೆ ಬರುವ ನಿಮ್ಮನ್ನೂ ನೋಡುತ್ತಿರುತ್ತೇನೆ. ಸೂಜಿ ಕಂಡರೆ ನಾಯಿಗಿಂತ ಮೊದಲು ಕಣ್ಣು ಮುಚ್ಚಿಕೊಳ್ಳುವವರು, ಡ್ರಿಪ್ ಹಾಕಿಸಿಕೊಂಡ ನಾಯಿಯ ಪಕ್ಕ ನೆಲದ ಮೇಲೇ ಕೂತು ರಾತ್ರಿ ಕಳೆಯುವವರು ನೀವು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆ ಪ್ರೀತಿ ನಾಯಿಗೆ ಹೇಗೆ ಮುಟ್ಟುತ್ತಿದೆ ಎಂಬುದರ ಬಗ್ಗೆ ಮಾತ್ರ ನಿಮ್ಮ ಹತ್ತಿರ ಮಾತಾಡಬೇಕಿದೆ.

ಕ್ಲಿನಿಕ್ಕಿನಲ್ಲಿ ಮತ್ತೆ ಮತ್ತೆ ಕೇಳುವ ಒಂದು ಮಾತಿದೆ. "ಮಗು ಸುಮ್ನೆ ಮುದ್ದು ಮಾಡ್ತಿತ್ತು ಡಾಕ್ಟ್ರೇ, ಇದ್ದಕ್ಕಿದ್ದ ಹಾಗೆ ಬಾಯಿ ಹಾಕ್ಬಿಡ್ತು." ಅಲ್ಲಿಯವರೆಗೆ ಮನೆಯ ಕಣ್ಮಣಿಯಾಗಿದ್ದ ನಾಯಿ ಅಂದಿನಿಂದ ಚೈನಿಗೆ ಬೀಳುತ್ತದೆ. ಕೆಲವು ಸಲ ರಾತ್ರೋರಾತ್ರಿ ಊರಾಚೆಯ ರಸ್ತೆ ಬದಿಯಲ್ಲಿ ಕಾರಿನಿಂದ ಇಳಿಯುತ್ತದೆ. ಅಂದು ನಡೆದದ್ದನ್ನು ಬಿಡಿಸಿ ಬಿಡಿಸಿ ಕೇಳುತ್ತ ಹೋದರೆ ಬೇರೆಯೇ ಕತೆ ಹೊರಬರುತ್ತದೆ. ನಾಯಿ ಮುಖ ಆಚೆ ತಿರುಗಿಸಿತ್ತು. ತುಟಿ ನೆಕ್ಕಿಕೊಂಡಿತ್ತು. ಎದ್ದು ಹೋಗಿ ಮಂಚದ ಕೆಳಗೆ ಸೇರಿತ್ತು. ಮಗು ತೆವಳಿಕೊಂಡು ಅದರ ಹಿಂದೆಯೇ ಹೋಗಿತ್ತು. ಎಷ್ಟೋ ಸಲ ಮೊಬೈಲಿನಲ್ಲಿ ಅದರ ವಿಡಿಯೊ ಕೂಡ ಇರುತ್ತದೆ. ಎಷ್ಟು ಚೆನ್ನಾಗಿ ಆಡಿಕೊಂಡಿದ್ದವು ನೋಡಿ ಎಂದು ಮನೆಯವರು ಅದನ್ನು ತೋರಿಸುತ್ತಾರೆ. ನಾಯಿ ಸಾಕು, ಬಿಡು ಎಂದು ಹೇಳುತ್ತಿರುವುದೆಲ್ಲ ಅದರಲ್ಲೇ ಕಾಣುತ್ತಿರುತ್ತದೆ.

ಮೊದಲು ಸಮಾಧಾನದ ಸಂಗತಿ ಹೇಳಿಬಿಡುತ್ತೇನೆ. ಅನ್ನ ಹಾಕುವ ಕೈಗಷ್ಟೇ ನಾಯಿ ಬಾಲ ಅಲ್ಲಾಡಿಸುತ್ತದೆ ಎಂದು ಹೇಳುವ ಹಿರಿಯರು ಒಬ್ಬರಾದರೂ ಪ್ರತಿ ಮನೆಯಲ್ಲಿ ಇರುತ್ತಾರೆ. ಈ ಮಾತನ್ನು ಒರೆಗೆ ಹಚ್ಚಿ ನೋಡಿದವರಿದ್ದಾರೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್, ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿದರು. ಅವಕ್ಕೆ ಮತ್ತು ಬರುವ ಮದ್ದು ಕೊಡಲಿಲ್ಲ, ಕಟ್ಟಿ ಹಾಕಲೂ ಇಲ್ಲ. ಬೇಡವೆನಿಸಿದ ನಾಯಿ ಎದ್ದು ಹೋಗಬಹುದಿತ್ತು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 15 ನಾಯಿಗಳಿದ್ದವು. ಒಂದು ಆಟಿಕೆ ಕಂಡರೆ ಸಾಸೇಜಿನ ಚೂರು, ಇನ್ನೊಂದು ಕಂಡರೆ ಸಾಕಿದವರು ಎದುರಿಗೆ ಬಂದು ಹೊಗಳುವುದು ಎಂದು ಅಭ್ಯಾಸ ಮಾಡಿಸಿ, ಸುಖದ ನಿರೀಕ್ಷೆಗೆ ಮಿಡಿಯುವ ಮೆದುಳಿನ ಭಾಗವನ್ನು ಗಮನಿಸಿದರು. 13 ನಾಯಿಗಳಲ್ಲಿ ಹೊಗಳಿಕೆಗೆ ಕಂಡ ಮಿಡಿತ ತಿನಿಸಿಗೆ ಕಂಡದ್ದಕ್ಕೆ ಸಮನಾಗಿತ್ತು, ಇಲ್ಲವೆ ಅದಕ್ಕಿಂತ ಹೆಚ್ಚಾಗಿತ್ತು.

ಜಪಾನಿನ ಅಜಾಬು ವಿಶ್ವವಿದ್ಯಾಲಯದ ಮಿಹೊ ನಾಗಸಾವಾ, ತಾಕೆಫುಮಿ ಕಿಕುಸುಯಿ ತಂಡ 2015ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ನಾಯಿ ಮತ್ತು ಸಾಕಿದವರನ್ನು ಒಂದು ಕೋಣೆಯಲ್ಲಿ ಅರ್ಧ ಗಂಟೆ ಬಿಟ್ಟು, ಮೊದಲೂ ಆಮೇಲೂ ಇಬ್ಬರ ಮೂತ್ರದಲ್ಲಿ ಆಕ್ಸಿಟೋಸಿನ್ ಅಳೆದರು. ಹೆತ್ತ ತಾಯಿ ಕೂಸಿಗೆ ಹಾಲೂಡುವಾಗ ಮೈಯಲ್ಲಿ ಹರಿಯುವ ಹಾರ್ಮೋನು ಅದು. ಹೆಚ್ಚು ಹೊತ್ತು ಕಣ್ಣಿಗೆ ಕಣ್ಣು ಕೂಡಿಸಿ ನೋಡಿದ ಜೋಡಿಗಳಲ್ಲಿ ಅದು ನಾಯಿಗೂ ಏರಿತ್ತು, ಮನುಷ್ಯರಿಗೂ ಏರಿತ್ತು. ಕೈಯಾರೆ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಸಂಜೆ ನೀವು ಕುರ್ಚಿಯಲ್ಲಿ ಕೂತಾಗ ಅದು ಮೆತ್ತಗಿನ ಕಣ್ಣಿನಿಂದ ನಿಮ್ಮನ್ನೇ ನೋಡುತ್ತ ಕೂರುತ್ತದಲ್ಲ, ಆ ನೋಟಕ್ಕೆ ಇಬ್ಬರ ಮೈಯೊಳಗೂ ಲೆಕ್ಕವಿದೆ.

ನನಗೆ ಇವೆರಡಕ್ಕಿಂತ ಹತ್ತಿರವೆನಿಸುವುದು ನಮ್ಮ ದೇಶದ ಕೆಲಸ. ಕೋಲ್ಕತ್ತಾದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿ ನಾಯಿಗಳನ್ನೇ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಗುರುತಿಲ್ಲದ ಮನುಷ್ಯರು ಬೀದಿ ನಾಯಿಗಳ ಹತ್ತಿರ ಹೋಗಿ, ಕೆಲವಕ್ಕೆ ತಿನ್ನಲು ಕೊಟ್ಟರು, ಕೆಲವನ್ನು ಮೈ ಸವರಿದರು. ಹೀಗೇ ಮತ್ತೆ ಮತ್ತೆ ಮಾಡಿ ನೋಡಿದಾಗ ನಂಬಿಕೆ ಗಟ್ಟಿಯಾಗಿ ಬೆಳೆದದ್ದು ಸವರಿದವರ ಮೇಲೆ. 2017ರಲ್ಲಿ ಈ ಅಧ್ಯಯನ ಹೊರಬಂತು. ದಿನಾ ಕಲ್ಲೇಟು ತಿನ್ನುವ, ಕಸದ ರಾಶಿಯಲ್ಲಿ ಹೊಟ್ಟೆ ಹೊರೆಯುವ ನಾಯಿ ಅದು. ಅದಕ್ಕೂ ತುತ್ತಿಗಿಂತ ಒಂದು ಒಳ್ಳೆಯ ಕೈ ಹೆಚ್ಚಾಯಿತು. ಇದನ್ನು ಓದಿದ ಮೇಲೆ ನಮ್ಮ ಬೀದಿಯ ಕೆಂದ, ಕರಿಯರನ್ನು ನಾನು ನೋಡುವ ರೀತಿಯೇ ಬೇರೆಯಾಯಿತು.

ಹಾಗಾದರೆ ತೊಂದರೆ ಎಲ್ಲಿ? ನಾವು ಪ್ರೀತಿ ತೋರಿಸುವುದು ನಮ್ಮ ಜಾತಿಯ ರೀತಿಯಲ್ಲಿ. ನಾವು ಎದೆಗೆ ಎದೆ ಹಚ್ಚಿ ಅಪ್ಪಿಕೊಳ್ಳುವವರು, ಮಂಗಗಳ ನೆಂಟರು. ನಾಯಿಗಳು ಒಂದನ್ನೊಂದು ತಬ್ಬಿಕೊಳ್ಳುವುದಿಲ್ಲ. ಪಕ್ಕದಿಂದ ಬಂದು ಮೂಸಿ, ಮೈಗೆ ಮೈ ಒರಗಿಸಿ, ಒಟ್ಟಿಗೆ ಓಡಾಡಿ, ಬೆನ್ನಿಗೆ ಬೆನ್ನು ಕೊಟ್ಟು ಮಲಗಿ ಸ್ನೇಹ ತೋರುತ್ತವೆ. ಒಂದು ನಾಯಿ ಇನ್ನೊಂದರ ಹೆಗಲ ಮೇಲೆ ಕಾಲು ಹಾಕಿ ಬಗ್ಗಿ ನಿಂತರೆ ಎಷ್ಟೋ ಸಲ ಅಲ್ಲಿ ಜಗಳದ ವಾಸನೆಯಿರುತ್ತದೆ. ಕಾಲಿಗೆ ಬುದ್ಧಿ ಹೇಳುವುದು ನಾಯಿಯ ಮೊದಲ ಆತ್ಮರಕ್ಷಣೆ, ತೋಳಿನಲ್ಲಿ ಬಿಗಿದಾಗ ಆ ದಾರಿಯೇ ಮುಚ್ಚಿಹೋಗುತ್ತದೆ.

ಒಂದು ಅಪ್ಪುಗೆಯನ್ನು ನಿಧಾನವಾಗಿ ನೋಡೋಣ. ಪಡಸಾಲೆಯಲ್ಲಿ ಲ್ಯಾಬ್ರಡಾರ್ ಕೂತಿದೆ, ಬಾಯಿ ಅರೆ ತೆರೆದು ನಾಲಗೆ ಸಡಿಲವಾಗಿ ಹೊರಗಿದೆ. ಮನೆಯ ಹುಡುಗಿ ಎದುರಿನಿಂದ ಬಂದು ಎರಡೂ ತೋಳು ಕುತ್ತಿಗೆಗೆ ಹಾಕುತ್ತಾಳೆ. ಮೊದಲು ಆಗುವುದು ಬಾಯಿ ಮುಚ್ಚಿಕೊಳ್ಳುವುದು. ಏದುಸಿರು ತಟ್ಟನೆ ನಿಲ್ಲುತ್ತದೆ. ಕಿವಿ ಹಿಂದಕ್ಕೆ ಹೋಗಿ ತಲೆಗೆ ಅಂಟಿಕೊಳ್ಳುತ್ತವೆ. ಮುಖ ಒಂದು ಕಡೆ ತಿರುಗುತ್ತದೆ, ಆದರೆ ಕಣ್ಣು ಹುಡುಗಿಯ ಮೇಲೇ ಇರುವುದರಿಂದ ಬಿಳಿ ಗುಡ್ಡೆ ಅರ್ಧಚಂದ್ರದ ಹಾಗೆ ಕಾಣುತ್ತದೆ. ನಾಲಗೆಯ ತುದಿ ಒಮ್ಮೆ ಹೊರಬಂದು ಮೂಗನ್ನು ಮುಟ್ಟಿ ಒಳಗೆ ಹೋಗುತ್ತದೆ, ಎದುರಿಗೆ ತಿನ್ನುವ ಪದಾರ್ಥ ಏನೂ ಇಲ್ಲದಿದ್ದರೂ. ಮುಂದಿನ ಕಾಲೊಂದು ನೆಲದಿಂದ ಸ್ವಲ್ಪ ಮೇಲೇಳುತ್ತದೆ. ಹುಡುಗಿ ಬಿಟ್ಟ ಕೂಡಲೇ ನಾಯಿ ಎದ್ದು, ಸ್ನಾನ ಮಾಡಿಸಿದ ಮೇಲೆ ನೀರು ಕೊಡವುವಂತೆ ಇಡೀ ಮೈ ಕೊಡವಿಕೊಳ್ಳುತ್ತದೆ. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಫೋಟೊದಲ್ಲಿ ಹುಡುಗಿ ನಗುತ್ತಿರುತ್ತಾಳೆ, ಎಲ್ಲರೂ ಅವಳನ್ನೇ ನೋಡುತ್ತಾರೆ.

ಹಬ್ಬಕ್ಕೆ ಬಂದ ದೂರದ ನೆಂಟರು ಕೆನ್ನೆ ಹಿಂಡುವಾಗ ಉಸಿರು ಬಿಗಿಹಿಡಿದು ನಿಂತ ಮಗುವಿನ ಹಾಗೆ ನಿಮ್ಮ ಲ್ಯಾಬ್ರಡಾರ್ ಅದನ್ನು ಸಹಿಸಿತು. ಅದು ನಿಮ್ಮನ್ನು ಪ್ರೀತಿಸುವುದರಿಂದಲೇ ಸಹಿಸಿತು. ಸಹನೆಯನ್ನು ಸಂತೋಷವೆಂದು ಓದಿಕೊಳ್ಳಬೇಡಿ ಎಂಬುದಷ್ಟೇ ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು.

ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ತಿರುಗಿಸುವುದು, ಸುಮ್ಮನೆ ನೆಲ ಮೂಸುವುದು ಇವನ್ನೆಲ್ಲ ನಾರ್ವೆಯ ನಾಯಿ ತರಬೇತುದಾರೆ ಟೂರಿದ್ ರುಗೋಸ್ ಒಟ್ಟುಗೂಡಿಸಿ, ಎದುರಿನವರನ್ನು ಶಾಂತಗೊಳಿಸಲು ನಾಯಿ ಬಳಸುವ ಸನ್ನೆಗಳಿವು ಎಂದು ವಿವರಿಸಿದರು. ಮನೋವಿಜ್ಞಾನಿ ಸ್ಟಾನ್ಲಿ ಕೊರೆನ್ 2016ರಲ್ಲಿ, ಜನ ನಾಯಿಯನ್ನು ತಬ್ಬಿಕೊಂಡಿರುವ 250 ಫೋಟೊಗಳನ್ನು ಅಂತರ್ಜಾಲದಿಂದ ಆರಿಸಿ ನಾಯಿಯ ಮುಖವನ್ನಷ್ಟೇ ಗಮನಿಸಿದರು. ನೂರಕ್ಕೆ 80ಕ್ಕಿಂತ ಹೆಚ್ಚಿನವುಗಳಲ್ಲಿ ಇಂಥ ಒಂದಾದರೂ ಚಿಹ್ನೆ ಕಂಡಿತು. ಅದು ಪ್ರಯೋಗಾಲಯದ ಕೆಲಸವಲ್ಲ, ಫೋಟೊಗಳ ಎಣಿಕೆ. ಅದಕ್ಕೆ ಕೊಡಬೇಕಾದಷ್ಟೇ ತೂಕ ಕೊಡಿ. ನಿಮ್ಮ ಮೊಬೈಲಿನಲ್ಲಿರುವ ಫೋಟೊಗಳನ್ನು ಮಾತ್ರ ಒಮ್ಮೆ ತೆಗೆದು, ಮನೆಯವರ ಮುಖ ಬಿಟ್ಟು ನಾಯಿಯ ಮುಖ ನೋಡಿ.

ಬಾಲ ಅಲ್ಲಾಡಿಸುತ್ತಿತ್ತಲ್ಲ ಎಂದು ಕೇಳುತ್ತೀರಿ. ಬಾಲದ ಅಲುಗಾಟವೆಲ್ಲ ಒಂದೇ ಅಲ್ಲ. ಸೊಂಟದ ಸಮೇತ ಇಡೀ ಹಿಂಭಾಗ ಬಳುಕುತ್ತಿದ್ದರೆ ಅದು ಖುಷಿ. ಬಾಲ ಕೋಲಿನಂತೆ ನೆಟ್ಟಗೆ ನಿಂತು ತುದಿ ಮಾತ್ರ ಅದುರುತ್ತಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇಟಲಿಯ ಸಂಶೋಧಕರು 2007ರಲ್ಲಿ ಕಂಡುಕೊಂಡಂತೆ, ತನ್ನನ್ನು ಸಾಕಿದವರು ಕಂಡಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ಬೀಸುತ್ತದೆ. ಅಪರಿಚಿತ ಜೋರು ನಾಯಿ ಕಂಡಾಗ ಎಡಕ್ಕೆ. ಬರಿಗಣ್ಣಿಗೆ ಇದು ಸುಲಭಕ್ಕೆ ಸಿಗುವುದಿಲ್ಲ, ಅದಕ್ಕಾಗಿ ನೀವು ಹೆಣಗಬೇಕಿಲ್ಲ.

ನೀವು ಮಾಡಬೇಕಾದ್ದು ಇದಕ್ಕಿಂತ ಸರಳ. ನಾಯಿಯ ಮೇಲೆ ಬಗ್ಗಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ನೆತ್ತಿಯ ಮೇಲಿನಿಂದ ಕೈ ತರಬೇಡಿ, ಅದಕ್ಕೆ ಕೈ ಕಾಣುವ ಹಾಗೆ ಕೆಳಗಿನಿಂದ ಬಂದು ಎದೆ, ಗದ್ದದ ಕೆಳಗೆ, ಕಿವಿಯ ಬುಡ, ಹೆಗಲಿನ ಪಕ್ಕ ನಿಧಾನವಾಗಿ ಸವರಿ. ಪಟಪಟ ತಟ್ಟುವುದು ನಮಗೆ ಶಾಭಾಸ್‌ಗಿರಿ, ಬಹಳಷ್ಟು ನಾಯಿಗಳಿಗೆ ಕಿರಿಕಿರಿ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆದುಬಿಡಿ. ತೆಗೆದು ಸುಮ್ಮನಿರಿ. ಮುಂದಿನ ಮಾತು ನಾಯಿಯದು. ಬೇಕೆಂದರೆ ಮೂತಿಯಿಂದ ನಿಮ್ಮ ಕೈ ತಳ್ಳುತ್ತದೆ, ಮುಂಗಾಲಿನಿಂದ ಪರಚುತ್ತದೆ, ಮೈ ಒರಗಿಸಿ ಇನ್ನಷ್ಟು ಹತ್ತಿರ ಜರುಗುತ್ತದೆ. ಬೇಡವೆಂದರೆ ಅಲ್ಲೇ ಕೂತಿರುತ್ತದೆ, ಆಚೆ ನೋಡುತ್ತದೆ ಅಥವಾ ಎದ್ದು ಹೋಗುತ್ತದೆ. ಹೋಗಲು ಬಿಡಿ. ಎದ್ದು ಹೋದ ನಾಯಿಯನ್ನು ಕರೆಯಬೇಡಿ, ಹಿಂಬಾಲಿಸಬೇಡಿ. ಸಾಕು ಎಂದು ತಾನು ಹೇಳಿದರೆ ಈ ಮನೆಯಲ್ಲಿ ಕೇಳುತ್ತಾರೆ ಎಂದು ಗೊತ್ತಾದ ನಾಯಿ ತಾನಾಗಿ ಹೆಚ್ಚು ಸಲ ಹತ್ತಿರ ಬರುತ್ತದೆ. ನನ್ನ ಮಾತು ಕೇಳಿ ಹೀಗೆ ಮಾಡಿದ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಹೊಟ್ಟೆ ಮೇಲೆ ಮಾಡಿ ಉರುಳಿತು ಎಂದರೆ ಹೊಟ್ಟೆ ಸವರು ಎಂದೇ ಎಲ್ಲ ಸಲವೂ ಅರ್ಥವಲ್ಲ. ಮೈ ಸಡಿಲ ಬಿಟ್ಟು, ಬಾಯಿ ತೆರೆದು, ಅಡ್ಡಾದಿಡ್ಡಿ ಹೊರಳಾಡುತ್ತಿದ್ದರೆ ಸವರಿ. ಬಾಲ ತೊಡೆಸಂದಿಗೆ ಸಿಕ್ಕಿಸಿಕೊಂಡು, ಬಾಯಿ ಬಿಗಿದು, ಕಾಲು ಎತ್ತಿ ಮರಗಟ್ಟಿ ಮಲಗಿದ್ದರೆ ಅದು ನನ್ನನ್ನು ಬಿಟ್ಟುಬಿಡು ಎಂಬ ಬೇಡಿಕೆ.

ಮಾತಿನ ವಿಷಯಕ್ಕೆ ಬರುತ್ತೇನೆ. ನಾವು ನಾಯಿಯ ಹತ್ತಿರ ಬಹಳ ಮಾತಾಡುತ್ತೇವೆ, "ಬಂಗಾರಿ", "ಚಿನ್ನು", "ಊಟ ಆಯ್ತಾ ಕಂದಾ". ಸಂಶೋಧಕರಾದ ಎರಿಕಾ ಫ್ಯೂಯರ್‌ಬಾಕರ್ ಮತ್ತು ಕ್ಲೈವ್ ವಿನ್ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನಾಯಿಗಳು ಬರೀ ಹೊಗಳುವವರಿಗಿಂತ ಮೈ ಸವರುವವರ ಹತ್ತಿರವೇ ಹೆಚ್ಚು ಹೊತ್ತು ನಿಂತವು. ಮೇಲೆ ಹೇಳಿದ ಎಮೊರಿಯ ಫಲಿತಾಂಶಕ್ಕೆ ಇದು ವಿರುದ್ಧವಲ್ಲವೇ ಎನಿಸಬಹುದು. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಕೂಡಿಸಿ ಓದಬೇಕು. ದಿನಾ ಜೊತೆಗೆ ನಡೆದ, ಸವರಿದ, ಆಡಿದ ಮನುಷ್ಯ ಎದುರಿಗಿದ್ದಾಗ ಆ ದನಿಗೆ ಬೆಲೆ ಬರುತ್ತದೆ. ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಎಸೆದ "ಗುಡ್ ಬಾಯ್" ನಾಯಿಯ ಪಾಲಿಗೆ ಬರೀ ಸದ್ದು. ತಿನಿಸಿನ ವಿಷಯವೂ ಅಷ್ಟೆ. ಬೇಸರವಾಗಿದೆ ಎಂದು ಒಂದು ಬಿಸ್ಕತ್ತು, ಆಫೀಸಿನಿಂದ ತಡವಾಗಿ ಬಂದೆವೆಂದು ಎರಡು. ಹೀಗೆ ತಿಂದು ತಿಂದು ದಪ್ಪಗಾಗಿ, ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದ ನಾಯಿಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ಇನ್ನೊಂದು ವಿಚಾರ ನನಗೆ ತುಂಬಾ ನೋವು ಕೊಡುವಂಥದ್ದು. "ಚಪ್ಪಲಿ ಕಚ್ಚಿ ಹಾಕಿದ್ದು ತಪ್ಪು ಅಂತ ಅದಕ್ಕೇ ಗೊತ್ತು, ಮುಖ ನೋಡಿದ್ರೆ ತಿಳಿಯುತ್ತೆ" ಎನ್ನುತ್ತೀರಿ. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಇದನ್ನು ಜಾಣತನದಿಂದ ಪರೀಕ್ಷಿಸಿದರು. ತಿನ್ನಬಾರದೆಂದು ಹೇಳಿದ ತಿನಿಸನ್ನು ಮುಂದಿಟ್ಟು ಸಾಕಿದವರು ಹೊರಗೆ ಹೋಗುತ್ತಾರೆ. ಕೆಲವು ಸಲ ನಾಯಿ ತಿನ್ನದಿದ್ದರೂ ತಿಂದಿದೆ ಎಂದು ಅವರಿಗೆ ಹೇಳಲಾಯಿತು. ತಲೆ ತಗ್ಗಿಸಿ, ಕಣ್ಣು ತಪ್ಪಿಸುವ ಆ ಅಪರಾಧಿ ಮುಖ ಬಂದದ್ದು ಬೈದಾಗ. ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲೇ ಅದು ಇನ್ನೂ ಎದ್ದು ಕಂಡಿತು. ಆ ಮುಖ ನಿಮ್ಮ ಸಿಟ್ಟಿಗೆ ಹೆದರಿದ ಮುಖ. ಸಂಜೆ ಬಾಗಿಲು ತೆಗೆದು ಬೆಳಿಗ್ಗೆಯ ತಪ್ಪಿಗೆ ಗದರಿಸಿ, ಐದು ನಿಮಿಷಕ್ಕೆ ಅಯ್ಯೋ ಪಾಪವೆಂದು ಅಪ್ಪಿಕೊಂಡರೆ ಅದಕ್ಕೆ ಎರಡೂ ಅರ್ಥವಾಗುವುದಿಲ್ಲ. ನೀವು ಬರುವ ಹೊತ್ತು ಎಂದರೇ ಅದಕ್ಕೆ ದಿಗಿಲಾಗಿಬಿಡುತ್ತದೆ.

ಎಲ್ಲ ನಾಯಿಯೂ ಲ್ಯಾಬ್ರಡಾರ್ ಆಗುವುದಿಲ್ಲ ಎಂಬುದನ್ನೂ ನೆನಪಿಡಿ. ಇತ್ತೀಚೆಗೆ ಬೆಂಗಳೂರಿನ ಫ್ಲಾಟುಗಳಲ್ಲೂ ಮುಧೋಳ ನಾಯಿ ಸಾಕುತ್ತಿದ್ದಾರೆ, ಸಂತೋಷ. ಆದರೆ ಕೆಲವೇ ತಿಂಗಳಲ್ಲಿ ಇದಕ್ಕೆ ಪ್ರೀತಿಯೇ ಇಲ್ಲ ಎಂಬ ದೂರು ಬರುತ್ತದೆ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ದೂರಕ್ಕೆ ಕಣ್ಣು ಹಾಯಿಸಿ, ಬೇಟೆ ಕಂಡೊಡನೆ ಬಿಲ್ಲಿನಿಂದ ಬಿಟ್ಟಂತೆ ಓಡುವ ತಳಿ ಅದು. ಮೈಮೇಲೆ ಬಿದ್ದು ಮುಖ ನೆಕ್ಕುವುದು ಅದರ ಸ್ವಭಾವವಲ್ಲ. ನೀವು ಯಾವ ಕೋಣೆಗೆ ಹೋದರೂ ಅಲ್ಲಿಗೆ ಬಂದು ನಾಲ್ಕಡಿ ದೂರದಲ್ಲಿ ಮಲಗುತ್ತದೆಯೇ? ಬೆಳಿಗ್ಗೆ ವಾಕಿಂಗಿನಲ್ಲಿ ಓಡುತ್ತ ಓಡುತ್ತ ಒಮ್ಮೆ ತಿರುಗಿ ನಿಮ್ಮನ್ನು ನೋಡುತ್ತದೆಯೇ? ಅದರ ಪ್ರೀತಿ ಅಲ್ಲಿದೆ.

ನಾಯಿಯ ಜೊತೆಗಿನ ಈ ಬಗೆಯ ಬಾಳು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರು ಬಲ್ಲರು. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ, ತನ್ನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿ ಒಂದು ಭಾರಿ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಗುಡಿಯ ಮುಂದೆ ಕಾಳಿಯ ನೆನಪಿಗೆ ಈ ಶಾಸನದ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಕಾಳಿಯನ್ನು ತಬ್ಬಿಕೊಳ್ಳುತ್ತಿದ್ದನೋ ಇಲ್ಲವೋ, ಅದರ ಜೊತೆ ಗುಡ್ಡ ಹತ್ತುತ್ತಿದ್ದ. ನಿಮ್ಮ ನಾಯಿಗೂ ದಿನಕ್ಕೊಂದು ನಡಿಗೆ, ತನ್ನಿಷ್ಟದ ಕಡೆ ನಿಂತು ಮೂಸಲು ಬಿಡುವಷ್ಟು ನಿಧಾನದ ನಡಿಗೆ, ಹತ್ತು ಅಪ್ಪುಗೆಗಿಂತ ದೊಡ್ಡ ಮುದ್ದು.

ವೈದ್ಯೆಯಾಗಿ ಒಂದು ಎಚ್ಚರಿಕೆ. ನಿನ್ನೆಯವರೆಗೆ ಸವರಿಸಿಕೊಳ್ಳುತ್ತಿದ್ದ ನಾಯಿ ಇವತ್ತು ಕೈ ಕಂಡರೆ ಸರಿದರೆ, ಅಥವಾ ಗುರ್ ಎಂದರೆ, ಸೊಕ್ಕು ಎನ್ನಬೇಡಿ, ನೋವಿದೆಯೇ ನೋಡಿಸಿ. ಕಿವಿಯೊಳಗಿನ ಸೋಂಕು, ಹುಳುಕು ಹಲ್ಲು, ಸೊಂಟದ ಕೀಲು, ಬೆನ್ನು ಇವೆಲ್ಲ ಹೊರಗೆ ಕಾಣುವುದಿಲ್ಲ. ವಯಸ್ಸಾದ ನಾಯಿಗೆ ಕಣ್ಣು, ಕಿವಿ ಮಂದವಾಗಿರುತ್ತವೆ, ಮಲಗಿರುವಾಗ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತದೆ. ಹೆಸರು ಕೂಗಿ ಎಬ್ಬಿಸಿ, ಆಮೇಲೆ ಮುಟ್ಟಿ. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಅದು ಗುರುಗುಟ್ಟುವುದನ್ನು ಬಿಡುತ್ತದೆ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಕಚ್ಚಿದ್ದು ಮನೆಯದೇ ನಾಯಿಯಾದರೂ, ಅದಕ್ಕೆ ಲಸಿಕೆ ಹಾಕಿಸಿದ್ದರೂ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಚಿಕ್ಕ ಮಕ್ಕಳಿರುವ ಮನೆಯವರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ದೊಡ್ಡವರೊಬ್ಬರು ಕಣ್ಣಿಟ್ಟು ಕೂತಿರದಿದ್ದರೆ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ. ನಿಮ್ಮ ನಾಯಿ ಎಷ್ಟೇ ಸಾಧುವಾಗಿರಲಿ. ಕುದುರೆ ಸವಾರಿ, ಬಾಲ ಎಳೆಯುವುದು, ಊಟದ ತಟ್ಟೆಗೆ ಕೈ ಹಾಕುವುದು ಬೇಡ. ಮಗುವಿನ ಕೈ ಹಿಡಿದು ಎದೆ ಸವರಿಸಿ, ಎಣಿಸಿ ಕೈ ತೆಗೆಸಿ, "ಈಗ ಅದು ಏನ್ ಹೇಳುತ್ತೆ ನೋಡೋಣ" ಎಂದು ಕಲಿಸಿ. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಕಲಿತ ಮೇಲೆ ಅಜ್ಜ ಅಜ್ಜಿಯರಿಗೂ ಪಾಠ ಹೇಳುತ್ತಾರೆ.

ಕೊನೆಯದಾಗಿ, ಮನೆಯಲ್ಲಿ ನಾಯಿಗೆಂದೇ ಒಂದು ಮೂಲೆ ಮಾಡಿಕೊಡಿ. ಒಂದು ಚಾಪೆಯೋ ಹಳೆಯ ಕಂಬಳಿಯೋ ಸಾಕು. ಅದು ಅಲ್ಲಿ ಹೋಗಿ ಮಲಗಿದಾಗ ಯಾರೂ ಮುಟ್ಟಬಾರದು, ಕರೆಯಬಾರದು, ಎತ್ತಿಕೊಳ್ಳಬಾರದು ಎಂಬ ಕಟ್ಟಳೆಯನ್ನು ಇವತ್ತೇ ಹಾಕಿ. ಮನೆಗೆ ಬಂದ ನೆಂಟರಿಗೂ ಅದನ್ನು ಹೇಳಲು ಸಂಕೋಚಪಡಬೇಡಿ.

ವಿಶ್ವಾಸದಿಂದ,
ಒಬ್ಬ ಪಶುವೈದ್ಯೆ